ಚಕ್ಕುಲಿಗೆ ಇನ್ಸೆಂಟಿವ್ ಬೇಡ ಎಂದವರು

ದೀಪಾವಳಿ ಫರಾಳದ, ಅಂದರೆ ಚಕ್ಕುಲಿಯಂಥ ಹಬ್ಬದ ತಿಂಡಿಗಳ, ಆರ್ಡರು ಈ ಸಲ ಕೈಮೀರಿ ಬಂದಿತ್ತು. ಲೆಕ್ಕ ತಪಾಸಣೆಗೆ ಬಂದ ಹುಡುಗ ಒಂದು ಉಪಾಯ ಹೇಳಿದ: ಯಾರು ಹೆಚ್ಚು ಚಕ್ಕುಲಿ ಒತ್ತುತ್ತಾರೋ ಅವರಿಗೆ ಕಿಲೋಗೆ ಇಷ್ಟು ಅಂತ ಮೇಲೆ ಇನ್ಸೆಂಟಿವ್ ಕೊಡಿ, ಕೆಲಸ ತಾನೇ ಓಡುತ್ತದೆ. ಮುಂಬೈ ಮುಲುಂಡಿನ ನಮ್ಮ ಗಲ್ಲಿಯ ಹೆಂಗಸರ ಸಹಕಾರ ಸಂಘ ಅದು. ವರ್ಷವಿಡೀ ಪೋಳಿ-ಭಾಜಿ (ಚಪಾತಿ-ಪಲ್ಯ), ಹಬ್ಬಕ್ಕೆ ಫರಾಳ. ಜಮಾ-ಖರ್ಚು ಬರೆಯುವ ಕೆಲಸ ನನಗೆ ಅಂಟಿಕೊಂಡಿದೆ. ಒಳ್ಳೆಯ ಮಾತೇ ಅನ್ನಿಸಿ ನಾನೂ ತಲೆಯಾಡಿಸಿದೆ.

ಹೆಂಗಸರು ಒಪ್ಪಲಿಲ್ಲ. ಅವರಲ್ಲಿ ನಾಲ್ಕೈದು ಜನ ಕನ್ನಡದವರು. ನಮ್ಮ ಪಕ್ಕದ ಮನೆಯ ಕಾಕು ಅಕ್ಕಲಕೋಟೆ ಕಡೆಯವರು, ಬಾಯಿ ಜೋರು. "ಹೆಚ್ಚು ಮಾಡಿದಾಕಿಗೆ ಹೆಚ್ಚು ಅಂದ್ರ ನಾಳಿಂದ ಫ್ಯಾನಿನ ಬುಡದ ಜಾಗಾಕ್ಕ ಜಗಳ. ಮತ್ತ ಹಿಟ್ಟು ನಾದಾಕಿ ಏನ್ ಮಾಡಬೇಕು? ಆಕಿ ಚಕ್ಕಲಿ ಯಾರ್ ಎಣಸ್ತೀರಿ?"

ಹುಡುಗ ಫೈಲು ಮುಚ್ಚಿದ.

ಅಲ್ಲಿಯ ಪದ್ಧತಿ ಯಾವ ಬೈಲಾದಲ್ಲೂ ಇಲ್ಲ. ಫರಾಳಕ್ಕೆ ದಿನದ ಒಟ್ಟು ತೂಕದ ಮೇಲೆ ಕೂಲಿ, ಬಂದವರೆಲ್ಲ ಸಮನಾಗಿ ಹಂಚಿಕೊಳ್ಳುತ್ತಾರೆ. ಒಲೆಯ ಮುಂದಿನ ಬಿಸಿ, ಫ್ಯಾನಿನ ಕೆಳಗಿನ ತಂಪು ವಾರವಾರ ಅದಲು ಬದಲು. ತೂಕದ ಯಂತ್ರವನ್ನು ಅಂಕಿ ಹೆಂಗಸರ ಕಡೆಗೆ ಕಾಣುವಂತೆ ತಿರುಗಿಸಿ ಇಟ್ಟಿದ್ದಾರೆ. ಬರೆದುಕೊಳ್ಳುವ ನಾನು ಕತ್ತು ಬಗ್ಗಿಸಿ ನೋಡಬೇಕು, ಇಲ್ಲವೇ ಅವರು ಕೂಗಿ ಹೇಳಿದ್ದನ್ನು ನಂಬಬೇಕು! ಶನಿವಾರ ಸಂಜೆ ಹಣ ಕೈಗೆ ಬರಲೇಬೇಕು. ಒಂದು ವಾರ ಸೋಮವಾರಕ್ಕೆ ಹೋದಾಗ ಪೋಳಿಗಳ ಮುಖವೇ ಸಪ್ಪಗಿತ್ತು. ಕೈ ಕಟ್ಟಿ ಕೂರುವವರು ಇಲ್ಲವೇ ಅಂದರೆ, ಇದ್ದಾರೆ. ಅವರಿಗೆ ಪಕ್ಕದವಳ ಕಣ್ಣೇ ಸೂಪರ್‌ವೈಸರ್.

ಮನೆಗೆ ಬಂದು ನನ್ನ ಹಳೇ ಕಾಮರ್ಸ್ ಓದು ನೆನಪಾಯಿತು. ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರು, ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದು: ಸಂಬಳ, ನಿಯಮ, ಮೇಲಿನವರ ನಡತೆ ಸರಿಯಿಲ್ಲದಿದ್ದರೆ ಕೆಲಸಗಾರ ಗೊಣಗುತ್ತಾನೆ, ಸರಿಯಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ. ಹುರುಪು ಬರುವುದು ಕೆಲಸವನ್ನು ಯಾರಾದರೂ ಗುರುತಿಸಿದಾಗ, ಹೊಣೆ ಕೈಗೆ ಬಂದಾಗ. ಅದೇ 1959ರಲ್ಲಿ ಇಲ್ಲೇ ಗಿರಗಾಂವಿನ ಒಂದು ಮಾಳಿಗೆಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು, ಲಿಜ್ಜತ್ ಆಯಿತು. (ಕಾಗದದ ಮೇಲೆ ಅದು ಸಹಕಾರ ಸಂಘವಲ್ಲ, ನೋಂದಾಯಿತ ಸೊಸೈಟಿ ಮತ್ತು ಟ್ರಸ್ಟು, ನಡೆಯುವ ರೀತಿ ಮಾತ್ರ ಅಪ್ಪಟ ಸಹಕಾರ.) ಲಟ್ಟಿಸುವವಳೇ ಒಡತಿ, ಲಾಭ-ನಷ್ಟ ಎರಡೂ ಅವಳದೇ. ಆ ಏಳರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಇದನ್ನೆಲ್ಲ ಕಾಕುಗೆ ಹೇಳುವಾಗ ನಮ್ಮೂರಿನ ಜಂಬವೂ ಸೇರಿಕೊಂಡಿತು. "ಸಹಕಾರ ಅಂದ್ರೆ ನಮ್ಮ ಗದಗ ಕಡೆಯದು ಕಾಕು. ಕಾಯಿದೆ ಬಂದದ್ದು 1904ರಲ್ಲಿ, ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಆಗ ನಾವೂ ಮುಂಬೈ ಪ್ರಾಂತ್ಯದವರೇ."

ಕಾಕು ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿದರು, "ಹೌದಾ? ನಿಮ್ ಕಡಿ ಸಂಘದಾಗ ಕೆಲಸಾ ಮಾಡೋ ಮಂದಿ ಖುಷಿ ಅದಾರೇನು?"

ಕಣ್ಣ ಮುಂದೆ ಬಂದವನು ನನ್ನ ಚಿಕ್ಕಪ್ಪನ ಮಗ. ನಮ್ಮ ಜಿಲ್ಲೆಯ ಬೇರೊಂದು ಊರಿನ ಸಂಘದಲ್ಲಿ ಗುಮಾಸ್ತ. ಹೆಸರು ಬೇಡ, ಅವನಿಗೆ ನಾಳೆಯೂ ಅಲ್ಲೇ ಕೂರುವುದಿದೆ. 2018ರ ಸಾಲಮನ್ನಾದಲ್ಲಿ ರೈತರ ಆಧಾರ್, ರೇಷನ್ ಕಾರ್ಡು, ಪಹಣಿ ಹೊಂದಿಸುತ್ತಾ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತವನು. ಕರೆಂಟು ಹೋದರೆ ಬರುವತನಕ ಕಾದು ಮತ್ತೆ ಮೊದಲಿಂದ. ಮುಂದಿನ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರಿಗೆ ಶಾಲು, ನಿರ್ದೇಶಕರಿಗೆ ಹಾರ. ಇವನು ಕುರ್ಚಿ ಎಣಿಸುತ್ತಿದ್ದ. ಪಗಾರ ಎರಡೆರಡು ತಿಂಗಳು ತಡ. ಆದರೂ ನನಗೆ ಫೋನಿನಲ್ಲಿ ಹೇಳಿಕೊಂಡದ್ದು ಅದಲ್ಲ. "ಪಗಾರ ತಡಾ ಆದ್ರ ನಡೀತೈತಿ ಅಣ್ಣಾ. ಮೈಕಿನ್ಯಾಗ ಒಮ್ಮಿ ಹೆಸರರ ಹಿಡೀಬೇಕಿತ್ತು."

ರೈತ ಸದಸ್ಯರಿಗೆ ಷೇರು, ಓಟು, ಡಿವಿಡೆಂಡ್ ಎಲ್ಲ ಇದೆ. ನಿರ್ದೇಶಕರಿಗೆ ಚುನಾವಣೆಯ ಜೋರು ಇದೆ. ಇವರ ನಡುವೆ ಲೆಡ್ಜರ್ ಹಿಡಿದವನು ಮಾತ್ರ ಆಳು. ನೂರು ವರ್ಷ ದಾಟಿದ ಚಳವಳಿಗೆ ಇದು ಯಾಕೆ ಕಾಣಲಿಲ್ಲವೋ! ಎಲ್ಲಾ ಸಂಘಗಳೂ ಹೀಗೆ ಅನ್ನಲಾರೆ, ಆದರೆ ಇಲ್ಲಿಯ ಅಡುಗೆಮನೆಯಲ್ಲಿ ಬೆವರುವವಳೇ ಸಭೆಯಲ್ಲಿ ಕೈ ಎತ್ತುತ್ತಾಳೆ. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು.

ಇನ್ಸೆಂಟಿವ್‌ಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಎರಡನೇ ಫ್ಯಾನು ಬಂತು. ಮೊನ್ನೆ ಆ ಗುಮಾಸ್ತ ತಮ್ಮನಿಗೆ ಈ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಗಂಡಸರನ್ನ ತಗೋತಾರೇನು?" ಅಂದ. ಕಾಕುಗೆ ಕೇಳಿದರೆ, "ಬರ್ಲಿ, ಮೊದಲ ಬಾಂಡೆ ತಿಕ್ಕಲಿ, ಆಮೇಲೆ ಓಟು" ಅಂದರು.