ದೋಸೆ ಇಡಿಯಾಗಿ ಬಡಿಸಬೇಡಿ: ಆಟಿಸಂ ಇರುವ ಪುಟ್ಟ ಮಕ್ಕಳ ಮನೆಯವರಿಗೆ ಕಲಿಸುವಾಗ ಗಮನಿಸಬೇಕಾದದ್ದು

ಥೆರಪಿ ಮುಗಿಸಿ ಹೊರಡುವ ಅಪ್ಪ ಅಮ್ಮನ ಕೈಗೆ ಎರಡು ಪುಟದ ಪಟ್ಟಿ ಕೊಟ್ಟು ಕಳಿಸುವುದು ನಮ್ಮ ಕೆಲಸದಲ್ಲಿ ರೂಢಿ. ದಿನಕ್ಕೊಂದು ಗಂಟೆ ಕೂರಿಸಿ, ಚಿತ್ರದ ಕಾರ್ಡ್ ತೋರಿಸಿ, ಬಣ್ಣ ಹೇಳಿಸಿ ಎಂದೆಲ್ಲ ಅದರಲ್ಲಿರುತ್ತದೆ. ಹೊಸನಗರದ ಆಚೆ, ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕಾದ ಒಂಟಿ ಮನೆಯಲ್ಲಿ ಆ ಪಟ್ಟಿ ಕ್ಯಾಲೆಂಡರಿನ ಹಿಂದೆ ಸೇರಿಬಿಡುತ್ತದೆ. ಅಮ್ಮನಿಗೆ ಆಸಕ್ತಿ ಇಲ್ಲವೆಂದಲ್ಲ. ಕೊಟ್ಟಿಗೆ, ಅಡುಗೆ, ತೋಟದ ಆಳುಗಳ ತಿಂಡಿಯ ನಡುವೆ ಬಿಡುವಾದ ಒಂದು ಗಂಟೆ ಎಂಬುದೇ ಅಲ್ಲಿಲ್ಲ.

ಆದ್ದರಿಂದ ಮೊದಲ ಭೇಟಿಯಲ್ಲಿ ಏನನ್ನೂ ಕಲಿಸಬೇಡಿ. ಮಗು ಏಳುವುದರಿಂದ ಮಲಗುವವರೆಗೆ ಯಾವ ಹೊತ್ತಿಗೆ ಯಾರ ಹತ್ತಿರ ಇರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಬೆಳಿಗ್ಗೆ ಹತ್ತರವರೆಗೆ ಅಜ್ಜಿಯ ಜೊತೆ, ಮೀಯಿಸುವುದು ಚಿಕ್ಕಮ್ಮ, ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿಯುವವರ ಮಧ್ಯೆ ಎಂಬಂಥ ಉತ್ತರಗಳು ಬರುತ್ತವೆ. ಮೀಯಿಸುವವರು ಚಿಕ್ಕಮ್ಮ ಆಗಿದ್ದರೆ ಬಚ್ಚಲಿನ ಅಭ್ಯಾಸವನ್ನು ಕಲಿಸಬೇಕಾದ್ದು ಅವರಿಗೆ. ಹಲ್ಲುಜ್ಜುವುದು, ತಿಂಡಿ, ಸ್ನಾನ, ಬಟ್ಟೆ ಹಾಕುವುದು, ಮಲಗುವ ಮುಂಚಿನ ಆಟ ಎಂಬ ಐದು ಹೊತ್ತು ಸಿಕ್ಕರೆ, ಒಂದೊಂದಕ್ಕೆ ಐದು ನಿಮಿಷದಂತೆ ದಿನಕ್ಕೆ 25 ನಿಮಿಷ ಆಯಿತು. ಹೊಸ ಕೆಲಸ ಯಾವುದೂ ಹೆಚ್ಚಲಿಲ್ಲ.

ತಿಂಡಿಯನ್ನೇ ತೆಗೆದುಕೊಳ್ಳೋಣ. ತಿನ್ನಿಸುವವರಿಗೆ ಹೀಗೆ ಹೇಳಿಕೊಡಿ. ಮಗು ಒಂದು ದೋಸೆ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ದೋಸೆಯನ್ನು ಸುಮ್ಮನೆ ಕೊಟ್ಟುಬಿಡಿ. ಹಸಿದ ಹೊಟ್ಟೆಯಲ್ಲಿ ಪಾಠ ಬೇಡ. ಉಳಿದರ್ಧವನ್ನು ಎಂಟು ಚೂರು ಮಾಡಿ ಮಗುವಿಗೆ ಕಾಣುವಂತೆ ನಿಮ್ಮ ತಟ್ಟೆಯಲ್ಲಿಟ್ಟುಕೊಳ್ಳಿ. ಎದುರಿಗೆ, ಮುಖ ಒಂದೇ ಎತ್ತರಕ್ಕೆ ಬರುವಂತೆ ಕುಳಿತುಕೊಳ್ಳಿ. ಮಗು ಮಣೆಯ ಮೇಲಿದ್ದರೆ ನೀವು ನೆಲದ ಮೇಲೆ. ಒಂದು ಚೂರು ಕೊಡಿ. ಎರಡನೆಯದನ್ನು ಎತ್ತಿ ಹಿಡಿದು, ಬಾಯಿ ಮುಚ್ಚಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕೈ ಚಾಚಲಿ, ನಿಮ್ಮ ಮುಖ ನೋಡಲಿ, 'ಊಂ' ಎನ್ನಲಿ, ನಿಮ್ಮ ಕೈ ಹಿಡಿದೆಳೆಯಲಿ, ಅದೆಲ್ಲವೂ ಕೇಳಿದಂತೆಯೇ. ತಕ್ಷಣ ಕೊಟ್ಟು, ಕೊಡುವಾಗಲೇ 'ದೋಸೆ' ಎನ್ನಿ. ಮಾತೇ ಬಾರದ ಮಗುವಿಗೆ ಒಂದು ಪದ, ಆಗಲೇ 'ದೋಸೆ' ಎನ್ನುವ ಮಗುವಿಗೆ 'ಇನ್ನೊಂದು ದೋಸೆ'. ಮಗು ಆಡುವುದಕ್ಕಿಂತ ಒಂದು ಪದ ಹೆಚ್ಚು, ಅಷ್ಟೇ.

ಹತ್ತು ಎಣಿಸಿದರೂ ಏನೂ ಬರದಿದ್ದರೆ 'ಹೇಳು, ಹೇಳು' ಎನ್ನಬೇಡಿ. ಮೊಣಕೈಯನ್ನು ಹಗುರವಾಗಿ ಮುಂದಕ್ಕೆ ಸರಿಸಿ, ಕೈ ಚಾಚಿದಂತಾದ ಕೂಡಲೇ ಕೊಟ್ಟುಬಿಡಿ. ಎರಡು ದಿನ ಬಿಟ್ಟು ಬರೀ ಮುಟ್ಟಿ, ಆಮೇಲೆ ಮುಟ್ಟದೆ ಕಾಯಿರಿ. ಈ ಸಹಾಯವನ್ನು ಕಡಿಮೆ ಮಾಡಲು ಮರೆತರೆ, ಯಾರಾದರೂ ಮೊಣಕೈ ಮುಟ್ಟಲಿ ಎಂದೇ ಕಾಯುವುದನ್ನು ಮಗು ಕಲಿಯುತ್ತದೆ.

ಉತ್ಸಾಹ ಹೆಚ್ಚಾದರೂ ಕೆಡುತ್ತದೆ. ಎಂಟು ಚೂರಿನಲ್ಲಿ ಎರಡು ಮೂರಕ್ಕೆ ಕಾದರೆ ಸಾಕು, ಉಳಿದದ್ದನ್ನು ಕೇಳದೆಯೇ ಕೊಡಬೇಕು. ಎಂಟಕ್ಕೂ ಕಾದರೆ ತಿಂಡಿಯೇ ಪರೀಕ್ಷೆಯಾಗಿ ಮಗು ಎದ್ದು ಹೋಗುತ್ತದೆ. 'ಬಾಯಿಬಿಟ್ಟು ಹೇಳಿದರಷ್ಟೇ ಕೊಡ್ತೀನಿ' ಎಂದು ಹಿಡಿದುಕೊಂಡು, ಅತ್ತ ಮೇಲೆ ಕೊಡುವುದು ಇನ್ನೂ ಕೆಟ್ಟದ್ದು. ಅತ್ತರೆ ದೋಸೆ ಬರುತ್ತದೆ ಎಂಬುದೊಂದೇ ಆಗ ತಲೆಗೆ ಹೋಗುವುದು.

ಇದರಲ್ಲೆಲ್ಲ ದೊಡ್ಡವರಿಗೆ ಕಷ್ಟವಾಗುವುದು ಸುಮ್ಮನಿರುವುದು. ಅವರದೇ ಫೋನಿನಲ್ಲಿ ಮೂರು ನಿಮಿಷದ ವಿಡಿಯೋ ತೆಗೆದು ಪ್ರಶ್ನೆಗಳನ್ನು ಎಣಿಸಿ ನೋಡಿ: 'ಇದೇನು? ಯಾವ ಬಣ್ಣ? ಅಜ್ಜಿ ಎಲ್ಲಿ?' ಕೇಳಿದ್ದನ್ನು ಒಳಗಿಳಿಸಿಕೊಳ್ಳಲು ಈ ಮಕ್ಕಳಿಗೆ ಹೊತ್ತು ಬೇಕು. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂದಿರುತ್ತದೆ. ವಿಡಿಯೋವನ್ನು ಅದೇ ದಿನ ಜೊತೆಗೆ ಕುಳಿತು ನೋಡಿ. ಅಮ್ಮ ತಾನಾಗಿ ಕಾದ, ಮಗು ತಿರುಗಿ ನೋಡಿದ ಕಡೆ ನಿಲ್ಲಿಸಿ, 'ಇಲ್ಲಿ ಏನಾಯ್ತು ನೋಡಿ' ಎನ್ನಿ. ತಪ್ಪು ಹತ್ತು ಕಂಡರೂ ಒಂದನ್ನಷ್ಟೇ ಹೇಳಿ. 2016ರಲ್ಲಿ ಪ್ರಕಟವಾದ ಗೋವಾ ಮತ್ತು ರಾವಲ್ಪಿಂಡಿಯ ಅಧ್ಯಯನದಲ್ಲಿ 65 ಮಕ್ಕಳಿದ್ದರು. ತಜ್ಞರಲ್ಲದ ಕಾರ್ಯಕರ್ತರೇ ತರಬೇತಿ ಪಡೆದು, ವಿಡಿಯೋ ನೋಡಿಸುವ ಇದೇ ವಿಧಾನದಲ್ಲಿ ಪೋಷಕರ ಜೊತೆ ಕೆಲಸ ಮಾಡಿದರು. ಮಗುವಿನ ಲಯಕ್ಕೆ ಹೊಂದಿ ಮಾತಾಡುವುದು ಪೋಷಕರಲ್ಲಿ ಹೆಚ್ಚಿತು, ತಾವಾಗಿ ಮಾತುಕತೆಗೆ ಬರುವುದು ಮಕ್ಕಳಲ್ಲಿ ಹೆಚ್ಚಿತು. ಎಲ್ಲ ಅಳತೆಯೂ ಮೇಲೇರಲಿಲ್ಲ ಎಂಬುದನ್ನೂ ಹೇಳಬೇಕು: ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಹೊತ್ತು ಕಡಿಮೆಯಾಗಿತ್ತು. ಪೋಷಕರಿಗೆ ಪವಾಡದ ಆಸೆ ಹುಟ್ಟಿಸದಿರಲು ಈ ಮಾತು ನೆನಪಿರಲಿ.

ಬಚ್ಚಲಿನಲ್ಲಿ ತಂಬಿಗೆ ಎತ್ತಿ 'ಒಂದು... ಎರಡು...' ಎಂದು ನಿಲ್ಲಿಸಿ, ಮಗು ನೋಡಿದ ಕೂಡಲೇ ಹೊಯ್ಯಿರಿ. ತಲೆಗೆ ನೀರು ಬಿದ್ದರೆ ಕಿರುಚುವ ಮಗುವಿಗೆ ಪಾದದಿಂದ ಶುರು ಮಾಡಿ ದಿನದಿನಕ್ಕೆ ಮೇಲೇರಬೇಕು. ಪಾತ್ರೆಯ ಮುಚ್ಚಳ ತಿರುಗಿಸುತ್ತಾ ಕೂರುವ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳಬೇಡಿ, ಅದೇ ತರದ ಇನ್ನೊಂದು ಮುಚ್ಚಳ ತಂದು ನೀವೂ ಪಕ್ಕದಲ್ಲಿ ತಿರುಗಿಸಿ. ಮಗು ನಿಮ್ಮ ಮುಚ್ಚಳದ ಕಡೆ ನೋಡಿತೆಂದರೆ ಅಲ್ಲಿಂದ ಆಟ ಬೆಳೆಯುತ್ತದೆ. ಗದ್ದ ಹಿಡಿದು 'ನನ್ನ ನೋಡು' ಎನ್ನುವುದನ್ನು ಮಾತ್ರ ಪೂರ್ತಿ ಬಿಡಿಸಿ.

ಅಜ್ಜಿಯಂದಿರ ವಿಷಯಕ್ಕೆ ಬಂದರೆ, ಕೇಳುವ ಮೊದಲೇ ಎಲ್ಲ ತಂದಿಡುವುದು ಅವರ ಪ್ರೀತಿ. ಹಾಗೆ ಮಾಡಬೇಡಿ ಎಂದರೆ ಅವರು ಮುನಿಸಿಕೊಂಡು ದೂರ ಸರಿಯುತ್ತಾರೆ. ಅವರಿಗೊಂದು ಕೆಲಸ ಒಪ್ಪಿಸಿ: ದಿನಾ ಹಾಡುವ ಪದವನ್ನೇ ಹಾಡಲಿ, ಸಾಲಿನ ಕೊನೆಯ ಮಾತನ್ನು ನುಂಗಿ ಕಾಯಲಿ. ಮನೆಮಾತು ಹವ್ಯಕವೋ ಕೊಂಕಣಿಯೋ ಉರ್ದುವೋ ಲಂಬಾಣಿಯೋ, ಅದರಲ್ಲೇ ಮಾತಾಡಲಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಹೆಚ್ಚುವುದಿಲ್ಲ. ಅಮ್ಮನಿಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿನ ಜೊತೆ ಮಾತಾಡಿ ಎಂಬ ಸಲಹೆ ಎಲ್ಲಿಂದ ಹುಟ್ಟಿತೋ!

ಫೋನ್ ಬಿಡಿಸುವುದು ಇಡೀ ಮನೆ ಒಪ್ಪಿದ ಮೇಲೆ ಮಾತ್ರ, ಅದೂ ಒಂದು ಹೊತ್ತು, ಉದಾಹರಣೆಗೆ ಊಟದ ಹೊತ್ತು ಮಾತ್ರ. ಮೊದಲ ಕೆಲವು ದಿನ ರಚ್ಚೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮೂರನೇ ದಿನ ನೆಂಟರು ಬಂದರೆಂದು ಕೊಟ್ಟುಬಿಟ್ಟರೆ, ಇನ್ನೂ ಜೋರಾಗಿ ಅಳಬೇಕು ಎಂದು ನಾವೇ ಕಲಿಸಿದಂತೆ. ಮದುವೆ, ಕೊಯ್ಲು ಇರುವ ವಾರದಲ್ಲಿ ಶುರುವೇ ಮಾಡಬೇಡಿ. ಬೇರೆ ಹಟಗಳಿಗೆ ಒಂದು ವಾರ ಮೂರು ಸಂಗತಿ ಬರೆಸಿ: ಮುಂಚೆ ಏನಿತ್ತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. ಕಾರಣ ಬಹುಪಾಲು ಮೂರನೆಯದರಲ್ಲಿ ಕಾಣುತ್ತದೆ.

ನಮ್ಮ ಕಡೆ ಮರೆಯಲೇಬಾರದ ವಿಷಯ ನೀರು. ಮನೆಯಿಂದ ಹೇಳದೆ ಹೊರಟುಬಿಡುವ ಅಭ್ಯಾಸ ಈ ಮಕ್ಕಳಲ್ಲಿ ಹೆಚ್ಚು, ನೀರಿನ ಸೆಳೆತವೂ ಹಲವರಿಗಿದೆ. ತೋಟದ ಕೆರೆ, ಕಟ್ಟೆಯಿಲ್ಲದ ಬಾವಿ, ಮಳೆಗಾಲದ ಹಳ್ಳ ಇವೆಲ್ಲ ಮನೆಯಿಂದ ಕೂಗಳತೆಯಲ್ಲಿರುತ್ತವೆ. ಬಾಗಿಲಿನ ಚಿಲಕ ಮೇಲಕ್ಕೆ ಹಾಕಿಸಿ, ದಣಪೆಗೆ (ಬೇಲಿಯ ಬಾಗಿಲಿಗೆ) ಹಸುವಿನ ಗಂಟೆ ಕಟ್ಟಿಸಿ, ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿಸಿ. ಮಗು ಕಾಣದಿದ್ದರೆ ಮೊದಲು ನೀರಿನ ಕಡೆ ಓಡಿ, ಆಮೇಲೆ ಅಟ್ಟ ಹುಡುಕಿ.

ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದು ಆಗಲಿ. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂನ ಸುಳಿವು ಇದೆಯೇ ಎಂದು ನೋಡಲು ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ, ಪರಿಷ್ಕೃತ ರೂಪದಲ್ಲಿ 20 ಪ್ರಶ್ನೆಗಳು, ಅವನ್ನು ಪೋಷಕರಿಗೆ ಅಂಗನವಾಡಿಯಲ್ಲೇ ಕೇಳಬಹುದು. ಆಡುತ್ತಿದ್ದ ಮಾತು ನಿಂತುಹೋಗಿದ್ದರೆ, ಫಿಟ್ಸ್ ಬರುತ್ತಿದ್ದರೆ ಮಕ್ಕಳ ವೈದ್ಯರ ಹತ್ತಿರ ಬೇಗ ಕಳಿಸಿ. ಮಿಕ್ಕವರು ಆಟಿಸಂ ಎಂಬ ಪ್ರಮಾಣಪತ್ರ ಬರಲಿ ಎಂದು ದೋಸೆಯ ಅಭ್ಯಾಸವನ್ನು ನಿಲ್ಲಿಸಬೇಕಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೇಟಿ ತಪ್ಪುತ್ತದೆ, ನೆಟ್‌ವರ್ಕ್ ಇರುವುದಿಲ್ಲ. ಅದಕ್ಕೇ ಒಂದು ಸಲಕ್ಕೆ ಒಂದೇ ಗುರಿ ಕೊಟ್ಟಿರಬೇಕು. ಪೇಟೆಗೆ ಬಂದ ದಿನ ವಿಡಿಯೋ ಕಳಿಸಲು ಹೇಳಿ. ಅಮ್ಮನಿಗೆ ಕೈ ಚಾಚಿದ ಮಗು ಅಜ್ಜಿಗೂ ಚಾಚಬೇಕು, ದೋಸೆಗೆ ಬಂದದ್ದು ಬಾಳೆಹಣ್ಣಿಗೂ ಬರಬೇಕು, ಅಡುಗೆಮನೆಯಲ್ಲಿ ಬಂದದ್ದು ಜಗಲಿಯಲ್ಲೂ ಬರಬೇಕು. ಅಷ್ಟು ಕಂಡ ಮೇಲೆ ಮುಂದಿನ ಗುರಿ ಕೊಡಿ. ಕಾಣದಿದ್ದರೆ ಅದೇ ಗುರಿ, ಇನ್ನೆರಡು ವಾರ.