ಇಷ್ಟು ಭಾಷೆ ಗೊತ್ತಿದ್ದು ಏನು ಲಾಭ?

"ಕಾಸರಗೋಡಿನವರಿಗೆ ನಾಲ್ಕೈದು ಭಾಷೆ ಬರುತ್ತೆ ಅಲ್ವಾ? ಬರೆಯೋದು ಕನ್ನಡದಲ್ಲೇ ಆದ್ಮೇಲೆ ಉಳಿದದ್ದೆಲ್ಲ ಯಾಕೆ?" ನಾನು ಕತೆ ಬರೆಯುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು.

ನಮ್ಮಲ್ಲಿ ಇದು ಸಾಧನೆಯೇ ಅಲ್ಲ. ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಇರುವುದರಿಂದ ಊರಿಗೆ 'ಸಪ್ತಭಾಷಾ ಸಂಗಮ ಭೂಮಿ' ಅಂತ ಹೆಸರು. ಭಾಷಣಕ್ಕೆ ಚೆನ್ನಾಗಿರುತ್ತದೆ. ದಿನದ ಲೆಕ್ಕದಲ್ಲಿ ಮೀನು ಕೊಳ್ಳುವಾಗ ಒಂದು ಭಾಷೆ, ಬಸ್ಸಿನಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು, ಅಷ್ಟೇ.

ಕತೆ ಬರೆಯುವವರಿಗೆ ಇದರಿಂದ ಸಿಗುವ ದೊಡ್ಡ ಲಾಭ, ಯಾರು ಯಾರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅನ್ನುವ ತಿಳಿವಳಿಕೆ. ಅಣ್ಣತಮ್ಮಂದಿರು ಜಾಗದ ವಿಷಯಕ್ಕೆ ಜಗಳವಾಡುತ್ತಿದ್ದಾರೆ ಅಂದುಕೊಳ್ಳಿ. ಅಷ್ಟು ಹೊತ್ತು ತುಳುವಿನಲ್ಲಿ ಕೂಗಾಡುತ್ತಿದ್ದ ಅಣ್ಣ ಇದ್ದಕ್ಕಿದ್ದ ಹಾಗೆ ಪುಸ್ತಕದ ಕನ್ನಡಕ್ಕೆ ಬಂದ. ಅಲ್ಲಿಗೆ ತಮ್ಮನನ್ನು ಹೊರಗಿನವರ ಸಾಲಿಗೆ ಸೇರಿಸಿಬಿಟ್ಟ ಅಂತ ಅರ್ಥ. ಆಮೇಲೆ ಅಣ್ಣ ಏನು ಹೇಳಿದರೂ ತಮ್ಮನಿಗೆ ಅದರಷ್ಟು ನೋವಾಗುವುದಿಲ್ಲ. ತುಳು ಗೊತ್ತಿಲ್ಲದವರಿಗೆ ಇಲ್ಲಿ ಏನಾಯಿತು ಅಂತಲೇ ತಿಳಿಯುವುದಿಲ್ಲ. ಬರೆಯುವಾಗ "ಅಣ್ಣ ಕನ್ನಡಕ್ಕೆ ಹೊರಳಿದ" ಅಂದರೆ ಸಾಕು. ಪಾತ್ರಗಳ ಬಾಯಿಗೆ ಐದು ಭಾಷೆ ತುರುಕಿ ಓದುವವರ ಜೀವ ತಿನ್ನಬೇಕಿಲ್ಲ.

ನಮ್ಮೂರಿನವರೇ ಆದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ನೋಡಿ. ಅಲ್ಲಿಯ ನಾದಿರಾಳಂಥ ಹೆಣ್ಣುಮಕ್ಕಳು ನಿಜದಲ್ಲಿ ಅಳುವುದು, ಜಗಳವಾಡುವುದು ಕನ್ನಡದಲ್ಲಲ್ಲ. ಆದರೂ ಓದುವಾಗ ಎಲ್ಲೂ ಎಡವುವುದಿಲ್ಲ. ಎರಡೂ ಕಡೆಯ ಮಾತು ಕಿವಿಯಲ್ಲಿ ಇಲ್ಲದವರಿಗೆ ಇದು ಸುಮ್ನೆ ಬರುವ ಕೆಲಸವಲ್ಲ.

ಮನೆಮಾತು ಬೇರೆ ಇದ್ದರೆ ಕನ್ನಡ ಕೆಡುತ್ತದೆ ಅನ್ನುವವರೂ ಇದ್ದಾರೆ. ಅವರು ಒಂದು ರಾತ್ರಿ ಯಕ್ಷಗಾನದ ಮುಂದೆ ಕೂರಬೇಕು. ಚೌಕಿಯಲ್ಲಿ ತುಳುವಿನಲ್ಲಿ ಹರಟುತ್ತಾ ಬಣ್ಣ ಹಚ್ಚಿಕೊಳ್ಳುತ್ತಿದ್ದ ಕಲಾವಿದ ರಂಗಕ್ಕೆ ಬಂದರೆ, ಬರೆದಿಟ್ಟ ಸಂಭಾಷಣೆ ಇಲ್ಲದೆ, ಒಂದು ಇಂಗ್ಲಿಷ್ ಪದ ಬೀಳಿಸದೆ ಅಚ್ಚುಕಟ್ಟಾದ ಕನ್ನಡದಲ್ಲಿ ವಾದಕ್ಕಿಳಿಯುತ್ತಾನೆ. 1949ರಲ್ಲಿ ರಾಷ್ಟ್ರಕವಿ ಆದ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು. ಕನ್ನಡ ಏನಾದರೂ ಕೆಟ್ಟಿತೇ?

ನಷ್ಟ ಇಲ್ಲವೆಂದಲ್ಲ. ಮಲಯಾಳಂ ಸಲೀಸಾಗಿ ಮಾತಾಡುತ್ತೇನೆ, ಪೇಪರ್ ಓದಲು ಕೂತರೆ ತಡವರಿಸುತ್ತೇನೆ. ಮೆದುಳು ಚುರುಕಾಗುತ್ತದಂತೆ ಅಂತಲೂ ಹೇಳುತ್ತಾರೆ. ಆಗಲಿ ಬಿಡಿ, ನನ್ನನ್ನು ನೋಡಿದವರು ಅದನ್ನು ನಂಬಲಿಕ್ಕಿಲ್ಲ.

ಹಾಗಾದರೆ ಯಾವ ಭಾಷೆ ಕಲಿಯಲಿ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬೆಳಗಾವಿಯಲ್ಲಿದ್ದರೆ ಮರಾಠಿ, ಕೋಲಾರದಲ್ಲಿದ್ದರೆ ತೆಲುಗು, ಮಡಿಕೇರಿಯಲ್ಲಿದ್ದರೆ ಕೊಡವ. ಆ್ಯಪ್‌ನಲ್ಲಿ ಫ್ರೆಂಚ್ ಕಲಿಯುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದನ್ನು ಆಡುವವರು ಸಂತೆಯಲ್ಲಿ ಸಿಗಬೇಕಲ್ಲ!