ಕೌನ್ಸೆಲಿಂಗ್ ಪಿ.ಜಿ.ಯನ್ನು ಮನೆಯಲ್ಲೇ ಕೂತು ಮಾಡಬಹುದಾ?

ಬಳ್ಳಾರಿಯಲ್ಲಿ ನಾನು ಕಾಲೇಜು ಮಕ್ಕಳ ಕೌನ್ಸೆಲರ್ ಎಂದು ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. "ಮೇಡಂ, ಕೌನ್ಸೆಲಿಂಗ್‌ನಾಗ ಪಿ.ಜಿ. ಆನ್‌ಲೈನ್ ಮಾಡಬೋದೇನ್ರಿ? ಮನಿ ಬಿಟ್ಟು ಹೋಗಾಕಾಗಲ್ಲ." ಕೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಸಿರುಗುಪ್ಪದ ಹೈಸ್ಕೂಲ್ ಟೀಚರ್, ತೋರಣಗಲ್ಲಿನ ಗೃಹಿಣಿ, ಆಸ್ಪತ್ರೆಯ ನರ್ಸ್, ಹೀಗೆ.

ಮೊದಲು ನಿಯಮದ ವಿಷಯ ಹೇಳಿಬಿಡುತ್ತೇನೆ. ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ಆ ಬಾಗಿಲು ಈಗ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಕಲಿಸಬಾರದು ಎಂದು ಯುಜಿಸಿ ಹೇಳಿದೆ. ಆರೋಗ್ಯಕ್ಕೆ ಸಂಬಂಧಿಸಿದ ವೃತ್ತಿಗಳಿಗಾಗಿ ಬಂದ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಕೆಳಗೆ ಬರುವ ವಿಷಯಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ. ಕೌನ್ಸೆಲರ್‌ಗಳ ಕೆಲಸವೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ಹಾಗಾಗಿ "ಸೀಟ್ ಖಾಲಿ ಇದೆ, ಇವತ್ತೇ ಫೀಸ್ ಕಟ್ಟಿ" ಎಂದು ಫೋನ್ ಮಾಡುವ ಏಜೆಂಟರ ಮಾತಿಗೆ ಮರುಳಾಗಬೇಡಿ.

ನಾನು ಓದಿದ್ದು ಈ ನಿಯಮ ಬರುವ ಮೊದಲು, ದೂರಶಿಕ್ಷಣದಲ್ಲೇ. ಆದ್ದರಿಂದ ನಿಯಮ ಕೇಳಿ ನನಗೆ ಬೇಜಾರಾಯಿತು. ಮದುವೆಯಾಗಿ, ಮಕ್ಕಳಾಗಿ, ಆಮೇಲೆ ಓದಲು ಹೊರಟವರಿಗೆ ಕಲಬುರಗಿ, ಧಾರವಾಡ ದೂರವೇ. ಆದರೆ ಹೀಗೆ ಕಲಿತರೆ ತರಬೇತಿಯ ಗುಣಮಟ್ಟ ಕುಸಿಯುತ್ತದೆ ಎಂಬ ಯುಜಿಸಿಯ ಅಂಜಿಕೆ ಸುಳ್ಳು ಎಂದು ಹೇಳಲಾರೆ.

ಪಾಠ ಸ್ಕ್ರೀನಿನಲ್ಲಿ ಚೆನ್ನಾಗಿಯೇ ಬರುತ್ತದೆ. ಸಿದ್ಧಾಂತ, ಸಂಶೋಧನಾ ವಿಧಾನ, ಅಂಕಿಸಂಖ್ಯೆ ಇವೆಲ್ಲ ರೆಕಾರ್ಡಿಂಗ್ ನೋಡಿಯೇ ಜಾಸ್ತಿ ಅರ್ಥವಾಗುತ್ತವೆ, ನಿಲ್ಲಿಸಿ ಮತ್ತೆ ಕೇಳಬಹುದಲ್ಲ. ಬಾರದೇ ಇರುವುದು ಸುಮ್ಮನೆ ಕೂರುವುದು. ಎದುರಿಗಿದ್ದವರು ಮಾತು ನಿಲ್ಲಿಸಿ ನೆಲ ನೋಡುತ್ತಾ ಕೂತಾಗ ಕೌನ್ಸೆಲರ್ ಬಾಯಿ ಹಾಕದೆ ಕಾಯಬೇಕು. ಆನ್‌ಲೈನ್ ಅಭ್ಯಾಸದಲ್ಲಿ ಅಂಥ ಮೌನ ಬಂತೆಂದರೆ ನಾವೆಲ್ಲ ಮಾಡುವುದು ಒಂದೇ: "ಹಲೋ, ಕೇಳಿಸ್ತಿದೆಯಾ? ನೆಟ್‌ವರ್ಕ್ ಹೋಯ್ತಾ?" ಬೆರಳು ಸೀರೆಯ ಸೆರಗು ಸುತ್ತುತ್ತಿದೆಯೋ, ಕಾಲು ನಡುಗುತ್ತಿದೆಯೋ, ಕ್ಯಾಮೆರಾಗೆ ಕಾಣುವುದಿಲ್ಲ. ನಮ್ಮ ಕಡೆ ಜನ ಬಂದು "ನನಗೆ ಡಿಪ್ರೆಶನ್" ಎಂದು ಹೇಳುವುದೂ ಕಡಿಮೆ. ತಲೆನೋವು, ಎದೆ ಭಾರ, ಹೊಟ್ಟೆ ಉರಿ, ನಿದ್ದೆ ಇಲ್ಲ ಎಂದೇ ಶುರು ಮಾಡುತ್ತಾರೆ. ಅದರ ಹಿಂದೆ ಏನಿದೆ ಎಂದು ತಿಳಿಯಲು ಎದುರು ಕೂತು, ತಪ್ಪು ಮಾಡಿ, ಯಾರಿಂದಲಾದರೂ ತಿದ್ದಿಸಿಕೊಳ್ಳಬೇಕು.

ಆನ್‌ಲೈನ್ ಕೋರ್ಸ್‌ಗಳಿಗೆ ಹೆಸರಾದ ಅಮೆರಿಕವನ್ನೇ ನೋಡಿ. ಅಲ್ಲಿ ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಿಎಸಿಆರ್‌ಇಪಿ ಎಂಬ ಸಂಸ್ಥೆ ಇದೆ. ಪಾಠವೆಲ್ಲ ಆನ್‌ಲೈನ್ ಆದರೂ ಅದರ ಲೆಕ್ಕ ಬದಲಾಗುವುದಿಲ್ಲ. ಮೊದಲು 100 ಗಂಟೆಗಳ ಪ್ರ್ಯಾಕ್ಟಿಕಮ್ ಎಂಬ ಆರಂಭದ ಪ್ರಾಯೋಗಿಕ ತರಬೇತಿ, ಅದರಲ್ಲಿ 40 ಗಂಟೆ ನೇರವಾಗಿ ಜನರ ಜೊತೆ. ಆಮೇಲೆ 600 ಗಂಟೆಗಳ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಜನರ ಜೊತೆ. ಉದ್ದಕ್ಕೂ ವಾರವಾರ ಸೂಪರ್‌ವಿಷನ್, ಅಂದರೆ ತಮ್ಮ ಕೆಲಸವನ್ನು ಹಿರಿಯ ಕೌನ್ಸೆಲರ್ ಜೊತೆ ಚರ್ಚಿಸಿ ತಿದ್ದಿಸಿಕೊಳ್ಳುವುದು. "ಹಾಗಾದರೆ ಅಲ್ಲಿಯದನ್ನೇ ಇಲ್ಲಿಂದ ಮಾಡಲಾ?" ಎಂದು ಕೇಳುವವರೂ ಇದ್ದಾರೆ. ಬೇಡ ಅನ್ನುತ್ತೇನೆ. ಅಲ್ಲಿಯ ಲೈಸೆನ್ಸ್ ಅಲ್ಲಿಯ ಆಯಾ ರಾಜ್ಯದ್ದು, ಖರ್ಚೂ ದೊಡ್ಡದು.

ಹೇಳಿಕೊಟ್ಟು ಕೈಬಿಡಬಾರದು ಎಂಬುದು ಬಳ್ಳಾರಿಗೆ ಹೊಸ ಮಾತಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಯೋಗ ಮಾಡಿದ್ದು ನಮ್ಮ ಜಿಲ್ಲೆಯಲ್ಲೇ. ಆಗ ಜಿಲ್ಲೆಯ ಜನಸಂಖ್ಯೆ ಸುಮಾರು 20 ಲಕ್ಷ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ಸ್ವಲ್ಪ ದಿನದ ತರಬೇತಿ ಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಔಷಧ ಸಿಗುವಂತೆ ನೋಡಿಕೊಂಡರು, ಆಮೇಲೂ ಬೆನ್ನಿಗೆ ನಿಂತರು. 1996ರಲ್ಲಿ ದೇಶದ ಬೇರೆ ಕಡೆ ಈ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಮಾದರಿ ಇದೇ. ಇವತ್ತಿಗೂ ಪಠ್ಯಪುಸ್ತಕದಲ್ಲಿ 'ಬಳ್ಳಾರಿ ಮಾಡೆಲ್' ಅಂತ ಬರುತ್ತದೆ. ನಮ್ಮೂರಿನವರಿಗೇ ಹೆಚ್ಚಿನವರಿಗೆ ಗೊತ್ತಿಲ್ಲ, ಅದು ಬೇರೆ ಮಾತು!

ಸೂಪರ್‌ವಿಷನ್ ವಿಷಯದಲ್ಲಿ ಮಾತ್ರ ನಾನು ಆನ್‌ಲೈನ್ ಪರ. ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ಮುಂದೆ ಕೂತ ಹುಡುಗಿಯ ಚಿಕ್ಕಪ್ಪ ನನ್ನ ಗಂಡನ ಆಫೀಸಿನವರೇ ಆಗಿರಬಹುದು. ಇಂಥ ಊರಿನಲ್ಲಿ ಆಕೆಯ ಕಷ್ಟವನ್ನು ಇಲ್ಲೇ ಇರುವ ಇನ್ನೊಬ್ಬರ ಹತ್ತಿರ ಚರ್ಚಿಸಿದರೆ, ಹೆಸರು ಹೇಳದಿದ್ದರೂ ಅವರು ಯಾರೆಂದು ಗುರುತು ಹಿಡಿದಾರು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಹಿರಿಯರ ಜೊತೆ ವೀಡಿಯೊ ಕಾಲ್‌ನಲ್ಲಿ ಮಾತಾಡುವುದೇ ಕ್ಷೇಮ. ಬಾಗಿಲು ಹಾಕಿದ ಕೋಣೆ, ಕಿವಿಗೆ ಇಯರ್‌ಫೋನ್ ಬೇಕು, ಅಷ್ಟೇ. ಅತ್ತೆ, ಮಕ್ಕಳು ಓಡಾಡುವ ಹಾಲ್‌ನಲ್ಲಿ ಬೇಡ.

ಕೇಳಲು ಬಂದವರಲ್ಲಿ ಕೆಲವರಿಗೆ ಕೋರ್ಸ್ ನೆಪ ಎಂದು ನನಗೆ ಅನ್ನಿಸಿದೆ. ಸಿಲಬಸ್ ವಿಚಾರಿಸುತ್ತಾ ವಿಚಾರಿಸುತ್ತಾ ತಮ್ಮನ ಕುಡಿತದ ಸುದ್ದಿ ಬರುತ್ತದೆ, ಇಲ್ಲವೇ ತಮ್ಮದೇ ನಿದ್ದೆಗೆಟ್ಟ ರಾತ್ರಿಗಳ ಸುದ್ದಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಅಂಥವರಿಗೆ ಎರಡು ವರ್ಷದ ಪದವಿಗಿಂತ ಮೊದಲು ಬೇಕಾದದ್ದು 14416. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ನಿಜಕ್ಕೂ ಓದಲೇಬೇಕು ಅನ್ನುವವರು ರೆಗ್ಯುಲರ್ ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿಗೆ ಹೋಗಿ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಸೈಕಾಲಜಿ ವಿಭಾಗಗಳಿವೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕುವ ಆಸೆ ಇದ್ದರೆ ಅದು ಬೇರೆಯೇ ದಾರಿ, ಅದಕ್ಕೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಬೇಕು. ಬರೀ ಎಂ.ಎ. ಮಾಡಿ ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ.

ಎಲ್ಲೇ ಸೇರಿ, ಫೀಸ್ ಕಟ್ಟುವ ಮೊದಲು ಆಫೀಸಿನವರನ್ನು ಬಿಟ್ಟು ಪಾಠ ಮಾಡುವವರನ್ನೇ ಹುಡುಕಿ ಕೇಳಿ. ಪ್ರ್ಯಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ಗಂಟೆ, ಅಲ್ಲಿ ನನ್ನ ಕೆಲಸ ನೋಡುವವರು ಯಾರು? "ಅದನ್ನ ನೀವೇ ಎಲ್ಲಾದರೂ ನೋಡಿಕೊಳ್ಳಿ, ಸಹಿ ಮಾಡಿಸಿಕೊಂಡು ಬಂದರೆ ಸಾಕು" ಎಂಬ ಉತ್ತರ ಬಂದರೆ ಚಹಾ ಕುಡಿದು ವಾಪಸ್ ಬನ್ನಿ.